ಟೈಲರಮ್ಮನ ಮನೆಗೆ ಹೋಗುವ ತಂತಿ

ಅವನ ನಿಜವಾದ ಹೆಸರು ಲೈಸೆನ್ಸಿನ ಮೇಲೆ ಮಾತ್ರ ಇತ್ತು. ಮಿಕ್ಕವರಿಗೆಲ್ಲ ಅವನು ಧೂಳಪ್ಪ. ಇಪ್ಪತ್ತಾರು ವರ್ಷ ಹಳೆಯ ಕಟ್ಟಡಗಳನ್ನು ಕೆಡವಿ ಕೆಡವಿ ಅವನ ಹುಬ್ಬು, ರೆಪ್ಪೆ, ಕಿವಿಯ ಮಡಿಕೆಗಳಲ್ಲೆಲ್ಲ ಸುಣ್ಣ ಮನೆ ಮಾಡಿಕೊಂಡಿತ್ತು. ಹೆಂಡತಿ ದಿನವೂ ಅವನನ್ನು ಹಿತ್ತಲಲ್ಲೇ ತಡೆದು ನಿಲ್ಲಿಸುತ್ತಿದ್ದಳು. "ಗೋಡೇನ ಅಲ್ಲೇ ಬಿಟ್ಟು ಬರೋಕಾಗಲ್ವಾ? ಮನೆಗೂ ಹೊತ್ಕೊಂಡು ಬರ್ಬೇಕಾ?" ಎಂದು ಬೈಯುತ್ತ ಬೆನ್ನು ಕೊಡವುತ್ತಿದ್ದಳು.

ಆದರೆ ಕೆಲಸದಲ್ಲಿ ಧೂಳಪ್ಪನಷ್ಟು ಅಚ್ಚುಕಟ್ಟಿನವನು ಇನ್ನೊಬ್ಬನಿರಲಿಲ್ಲ. ಮೊದಲು ನಗರಸಭೆಗೆ ಅರ್ಜಿ, ಅದರ ಮೇಲೆ ಸ್ವೀಕೃತಿಯ ಮುದ್ರೆ. ಆಮೇಲೆ ಅಕ್ಕಪಕ್ಕದ ಪ್ರತಿ ಮನೆಯ ಬಾಗಿಲು ತಟ್ಟುವುದು. "ಬೆಳಗ್ಗೆ ಒಂಬತ್ತಕ್ಕೆ ಶುರು, ಸಂಜೆ ಐದಕ್ಕೆ ನಿಲ್ಲಿಸ್ತೀವಿ. ಬಟ್ಟೆ ಒಳಗೆ ಒಣಗಿಸ್ಕೊಳ್ಳಿ. ಬೈಬೇಕು ಅನ್ನಿಸಿದ್ರೆ ಈ ನಂಬರಿಗೆ ಫೋನ್ ಮಾಡಿ, ನಾನೇ ಎತ್ತೋದು" ಎನ್ನುತ್ತಿದ್ದ. ಹಸಿರು ಬಲೆ ಕಟ್ಟದೆ, ನೀರು ಹೊಡೆಯದೆ ಒಂದು ಇಟ್ಟಿಗೆಯನ್ನೂ ಮುಟ್ಟಲು ಬಿಡುತ್ತಿರಲಿಲ್ಲ.

ಆ ವರ್ಷ ಅವನಿಗೆ ಸಿಕ್ಕಿದ್ದು ಮುಚ್ಚಿಹೋದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಕಟ್ಟಡ. ಮೂರು ಅಂತಸ್ತು, ಒಂದು ಲಾರಿ ನಿಂತರೆ ಪಕ್ಕದಲ್ಲಿ ಸೈಕಲ್ ಹೋಗುವುದೂ ಕಷ್ಟವಾದಂಥ ಓಣಿ. ಅದರ ಎಡಗೋಡೆಗೇ ಆತುಕೊಂಡಿದ್ದ ಪುಟ್ಟ ಮನೆ ಟೈಲರಮ್ಮನದು. ಧೂಳಪ್ಪ ಬಾಗಿಲು ತಟ್ಟಿದಾಗ ಆಕೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಂದಳು. ಹಿಂದಿನ ಮಂಚದ ಮೇಲೆ ಆಕೆಯ ಗಂಡ ಮಲಗಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿದವನು, ಓಣಿಯವರಿಗೆಲ್ಲ ಡ್ರೈವರಣ್ಣ. ಈಗ ಶ್ವಾಸಕೋಶ ಕೈಕೊಟ್ಟಿತ್ತು. ಮೂಗಿನಲ್ಲಿ ನಳಿಗೆ, ಪಕ್ಕದಲ್ಲಿ ಗುರುಗುಡುವ ಆಕ್ಸಿಜನ್ ಮೆಷಿನ್ನು.

"ಧೂಳಿಗೆ ಕಿಟಕಿ ಮುಚ್ಕೋತೀನಿ ಅಣ್ಣ, ಸದ್ದನ್ನೂ ತಡ್ಕೋತೀನಿ. ಕರೆಂಟೊಂದು ಹೋಗಬಾರದು. ಇವರ ಉಸಿರು ಅದರಲ್ಲೇ ಇದೆ," ಎಂದಳು ಸೂಜಿಗಳನ್ನು ತೆಗೆದು.

"ನಿಮ್ಮ ಕರೆಂಟಿಗೂ ನಮಗೂ ಏನಮ್ಮ ಸಂಬಂಧ?" ಎಂದು ನಕ್ಕ ಧೂಳಪ್ಪ, ಅಭ್ಯಾಸಬಲದಿಂದ ತಂತಿಯ ಜಾಡು ಹಿಡಿದು ನೋಡಿದ. ಟೈಲರಮ್ಮನ ಮೀಟರಿನಿಂದ ಹೊರಟ ತಂತಿ ಗೋಡೆಯ ತೂತಿನೊಳಗೆ ನುಗ್ಗಿ ಪ್ರೆಸ್ಸಿನ ಬೋರ್ಡಿಗೇ ಸೇರಿತ್ತು. ಯಾವ ಕಾಲದಲ್ಲಿ ಯಾರು ಎಳೆದಿದ್ದರೋ. ಕಟ್ಟಡದ ಕರೆಂಟು ಕಿತ್ತರೆ ಈ ಮನೆಯದೂ ಹೋದಂತೆಯೇ.

ಅವತ್ತೇ ಹೋಗಿ ವಿದ್ಯುತ್ ಕಚೇರಿಗೆ ಬರೆದುಕೊಟ್ಟ, ಮೊದಲು ಆ ಮನೆಗೆ ಬೇರೆ ಲೈನು ಎಳೆದು ಆಮೇಲೆ ಕಟ್ಟಡದ್ದನ್ನು ಕಡಿಯಿರಿ ಎಂದು. ಸೋಮವಾರ ಲೈನ್‌ಮನ್ ಕಳಿಸುತ್ತೇವೆ ಎಂದರು. ಅಲ್ಲಿಯವರೆಗೆ ಇರಲಿ ಎಂದು ಟೈಲರಮ್ಮನಿಗೆ ಒಂದು ಸಣ್ಣ ಆಕ್ಸಿಜನ್ ಸಿಲಿಂಡರನ್ನೂ ತರಿಸಿ ಇಟ್ಟುಕೊಳ್ಳಲು ಹೇಳಿದ.

ಗುರುವಾರ ಕಟ್ಟಡದ ಯಜಮಾನ ನಗರಸಭೆಯ ಒಂದು ಫಾರಂ ಹಿಡಿದು ಬಂದ. ವಿದ್ಯುತ್, ನೀರು, ಗ್ಯಾಸು ಎಲ್ಲ ಸಂಪರ್ಕ ಕಡಿತವಾಗಿದೆ ಎಂದು ಅದರಲ್ಲಿ ಮೊದಲೇ ಬರೆದಿತ್ತು. ಕೆಡವುವವನ ಸಹಿಯೊಂದೇ ಬಾಕಿ.

"ಇನ್ನೂ ಕಡಿದಿಲ್ಲವಲ್ಲ ಸಾರ್."

"ಸೋಮವಾರ ಕಡೀತಾರಲ್ಲ? ಕಾಗದ ಮೊದಲು ಹೋಗಿರ್ಲಿ. ಇಷ್ಟಕ್ಕೂ ನಿಮಗೆ ಕಷ್ಟ ಅಂದ್ರೆ ಹೇಳಿ, ಬೇರೆಯವರು ಕಾಯ್ತಾ ಇದ್ದಾರೆ."

ಧೂಳಪ್ಪನ ಎಂಟು ಜನ ಆಳುಗಳು ಒಂದು ತಿಂಗಳಿಂದ ಕೆಲಸವಿಲ್ಲದೆ ಕೂತಿದ್ದರು. ನಾಲ್ಕೇ ದಿನದ ಮಾತು ಎಂದುಕೊಂಡ. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿಬಿಟ್ಟ. ಇಪ್ಪತ್ತಾರು ವರ್ಷದಲ್ಲಿ ಅವನು ಹಾಕಿದ ಮೊದಲ ಸುಳ್ಳು ಸಹಿ ಅದು.

ಶನಿವಾರ ಬೆಳಗ್ಗೆ ಮನಸ್ಸು ತಡೆಯದೆ ಮತ್ತೆ ವಿದ್ಯುತ್ ಕಚೇರಿಗೆ ಹೋಗಿ ಲೈನ್‌ಮನ್ನನ ಬೆನ್ನು ಹತ್ತಿದ್ದ. ಅಷ್ಟರಲ್ಲಿ ಟೈಲರಮ್ಮನ ಫೋನು ಬಂತು.

"ಅಣ್ಣ, ಯಾವುದೋ ಯಂತ್ರ ಬಂದು ಗೋಡೆ ಒಡೀತಿದೆ! ನೀವೇ ಕಳಿಸಿದ್ದಾ?"

"ಇಲ್ಲಮ್ಮ! ನಾನ್ಯಾಕೆ—"

"ಅಯ್ಯೋ, ಕರೆಂಟು ಹೋಯ್ತು! ಮೆಷಿನ್ನು ನಿಂತೋಯ್ತು ಅಣ್ಣ!"

"ಸಿಲಿಂಡರ್ ಹಚ್ಚಿ! ನಾ ಬಂದೆ, ಬಂದೆ!"

ನಗರಸಭೆಯ ಎಂಜಿನಿಯರಿಗೆ ಫೋನು ಮಾಡಿದ, ಎತ್ತಲಿಲ್ಲ. ಯಜಮಾನನಿಗೆ ಮಾಡಿದ, ಕತ್ತರಿಸಿದ. ಆಂಬುಲೆನ್ಸಿನವರು ಮಾತ್ರ ಹೊರಟೆವು ಎಂದರು. ಲೈನ್‌ಮನ್ನನ ಬೈಕಿನ ಹಿಂದೆ ಕೂತು ಓಣಿ ಮುಟ್ಟುವಷ್ಟರಲ್ಲಿ ಎದುರಿನ ಮನೆಗಳೇ ಕಾಣದಷ್ಟು ಧೂಳು. ಬಲೆಯಿಲ್ಲ, ಒಂದು ಕೊಡ ನೀರಿಲ್ಲ. ಯಂತ್ರದವನ ಮುಂದೆ ಕೈ ಅಡ್ಡ ಹಿಡಿದು, "ನಿಲ್ಸೋ! ಲೈನಿದೆ ಅದರಲ್ಲಿ!" ಎಂದು ಕಿರುಚಿದ.

ಅವನು ಯಂತ್ರ ನಿಲ್ಲಿಸಿ ಯಜಮಾನ ಕೊಟ್ಟಿದ್ದ ಕಾಗದ ತೋರಿಸಿದ. "ಎಲ್ಲಾ ಕಡಿದಿದೆ ಅಂತ ಬರೆದಿದೆಯಲ್ಲ ಸ್ವಾಮಿ. ಈ ಸೈನು ಯಾರದು?"

ಸಹಿ ಧೂಳಪ್ಪನದೇ ಆಗಿತ್ತು.

ಹರಿದ ತಂತಿ ಇಟ್ಟಿಗೆ ರಾಶಿಯ ಕೆಳಗಿತ್ತು. ಒಂದು ಗಂಟೆಯಾದರೂ ಬೇಕು ಎಂದ ಲೈನ್‌ಮನ್. ಟೈಲರಮ್ಮನ ಮನೆಯೊಳಗೆ ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಹತ್ತಿರ ನಡುಗುತ್ತಿತ್ತು. ಡ್ರೈವರಣ್ಣನ ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸ್ ಓಣಿಯ ತುದಿಯಲ್ಲೇ ಬಡಕೊಳ್ಳುತ್ತಿತ್ತು. ಅಡ್ಡ ನಿಲ್ಲಿಸಿದ ಕಲ್ಲುಮಣ್ಣಿನ ಲಾರಿಯವನು ಬೀಗದ ಕೈ ಸಮೇತ ಎಲ್ಲಿಗೋ ಹೋಗಿದ್ದ. ಸ್ಟ್ರೆಚರ್ ತಳ್ಳಿಕೊಂಡು ಬರೋಣವೆಂದರೆ ಇಟ್ಟಿಗೆ ಗುಡ್ಡೆ.

ಧೂಳಪ್ಪ ಹಾರೆ ಕಸಿದುಕೊಂಡು ಪ್ರೆಸ್ಸಿನೊಳಗೆ ನುಗ್ಗಿದ. ನಾಲ್ಕೇ ಏಟಿಗೆ ಒಂದು ಬಾಗಿಲನ್ನು ಕೀಲು ಸಮೇತ ಕಿತ್ತು ತಂದ. ಅದರ ಮೇಲೆ ರೋಗಿಯನ್ನು ಮಲಗಿಸಿ, ಅವನು, ಲೈನ್‌ಮನ್, ಯಂತ್ರದವನು, ಪಕ್ಕದ ಮನೆಯಾಕೆ, ನಾಲ್ವರೂ ಹೆಗಲು ಕೊಟ್ಟರು. ಟೈಲರಮ್ಮ ಸಿಲಿಂಡರನ್ನು ಕೂಸಿನಂತೆ ಎದೆಗವಚಿಕೊಂಡು ಬರಿಗಾಲಲ್ಲಿ ಇಟ್ಟಿಗೆ ಚೂರುಗಳ ಮೇಲೆ ಓಡಿದಳು. ಲಾರಿಯ ಪಕ್ಕದ ಸಂದಿಯಲ್ಲಿ ಬಾಗಿಲು ಸಿಕ್ಕಿಕೊಂಡಿತು. ಅದನ್ನು ಓರೆ ಮಾಡುವಷ್ಟರಲ್ಲಿ ಮುಳ್ಳು ಸೊನ್ನೆಗೆ ಇಳಿಯಿತು.

"ಮುಗೀತು ಅಣ್ಣ... ಮುಗೀತು ಇದು..." ಎಂದಳು ಆಕೆ. ಆ ದನಿಯಲ್ಲಿ ಅಳುವೂ ಉಳಿದಿರಲಿಲ್ಲ. ಉಳಿದ ಹದಿನೈದು ಹೆಜ್ಜೆಯನ್ನು ಅವರು ಹೇಗೆ ದಾಟಿದರೋ ಧೂಳಪ್ಪನಿಗೆ ಇಂದಿಗೂ ನೆನಪಿಲ್ಲ.

ಡ್ರೈವರಣ್ಣ ಸಾಯಲಿಲ್ಲ. ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದ. ಮೊದಲ ಸಂಜೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಪಟ್ಟಿ ಸುತ್ತಿದ ಕಾಲು ಚಾಚಿ ಕೂತಿದ್ದ ಟೈಲರಮ್ಮನಿಗೆ ಧೂಳಪ್ಪ ಸಹಿಯ ಸಂಗತಿ ಹೇಳಿದ.

"ಸಿಲಿಂಡರ್ ತರಿಸಿ ಇಟ್ಕೊಳ್ಳಿ ಅಂತ ಬಂದು ಹೇಳಿದ್ರಿ. ಇದೊಂದು ಮಾತು ಹೇಳೋಕಾಗ್ಲಿಲ್ವಾ ಮೇಸ್ತ್ರಿ?"

ಅಣ್ಣ ಎನ್ನುವುದನ್ನು ಆಕೆ ಬಿಟ್ಟಿದ್ದಳು.

ವಿಚಾರಣೆಯಲ್ಲಿ ಯಜಮಾನ, ಎಲ್ಲವನ್ನೂ ಮೇಸ್ತ್ರಿಯ ಸಹಿ ನಂಬಿ ಮಾಡಿದ್ದು ಎಂದುಬಿಟ್ಟ. ಎಂಜಿನಿಯರಿಗೆ ಪಾಪ ಅನ್ನಿಸಿರಬೇಕು. "ಬಲವಂತವಾಗಿ ಸೈನ್ ಮಾಡಿಸ್ಕೊಂಡ್ರು ಅಂತ ಬರ್ಕೊಡಿ. ಲೈಸೆನ್ಸಾದ್ರೂ ಉಳೀಬಹುದು," ಎಂದ.

"ಬಲವಂತ ಯಾರೂ ಮಾಡ್ಲಿಲ್ಲ ಸಾರ್. ಪೆನ್ನು ಕೂಡ ನಂದೇ." ಧೂಳಪ್ಪ ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟ. ಯಜಮಾನನ ಫಾರಂ, ಅವನ ಮಾತು, ತನ್ನ ಸಹಿ, ಎಲ್ಲವನ್ನೂ. ಯಜಮಾನನ ಮೇಲೆ ಕೇಸಾಯಿತು. ಧೂಳಪ್ಪನ ಲೈಸೆನ್ಸ್ ರದ್ದಾಯಿತು. ಆಳುಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಅವನೂ ಮತ್ತೊಬ್ಬರ ಕೆಳಗೆ ಇಟ್ಟಿಗೆ ಹೊರಲು ಸೇರಿದ.

ಸೇರುವ ಹಿಂದಿನ ದಿನ ಟೈಲರಮ್ಮನ ಬಾಗಿಲು ತಟ್ಟಿದ. ಮನೆಗೆ ಹೊಸ ಲೈನು ಬಂದಿತ್ತು, ಮೆಷಿನ್ನು ಮೊದಲಿಗಿಂತ ದೊಡ್ಡದಿತ್ತು. ಡ್ರೈವರಣ್ಣನಿಗೆ ಈಗ ಎದ್ದು ಕೂರಲೂ ಆಗುತ್ತಿರಲಿಲ್ಲ.

"ನಾನು ಬರೆದುಕೊಟ್ಟಿದ್ದರ ನಕಲು. ಪರಿಹಾರದ ಕೇಸಿಗೆ ನಿಮ್ಮ ವಕೀಲರಿಗೆ ಬೇಕಾಗುತ್ತೆ."

ಆಕೆ ನಿಂತಲ್ಲೇ ಎರಡು ಪುಟವನ್ನೂ ಓದಿದಳು. "ಇದರಿಂದ ನಿಮಗೇ ಕಷ್ಟ ಅಲ್ವಾ?"

"ಆಗೋದೆಲ್ಲ ಆಗಿದೆ ಅಮ್ಮ."

ಕಾಗದವನ್ನು ಆಕೆ ತೆಗೆದುಕೊಂಡಳು. ಒಳಗೆ ಬನ್ನಿ ಎನ್ನಲಿಲ್ಲ. ಅವನೂ ಅದನ್ನು ನಿರೀಕ್ಷಿಸಿರಲಿಲ್ಲ, ಮೆಟ್ಟಿಲಿಳಿದು ನಡೆದ.