ಕೂರಲಾರದವರು ಕುಳಿತ ಕೊಯ್ಲು

ಒಪ್ಪಂದದ ಹಕ್ಕಿನ ಬಗ್ಗೆ ಭಾಷಣ ಮಾಡುವವರು ಅಮೆರಿಕದ ಮೂಲನಿವಾಸಿಗಳಾದ ನಮ್ಮ ಓಜಿಬ್ವೆ ಜನರಲ್ಲಿ ಬೇಕಾದಷ್ಟಿದ್ದಾರೆ. ಅದನ್ನು ನಡೆಸಿ ತೋರಿಸಿದವರಲ್ಲಿ ಶ್ರೀಮತಿ ಆರ್ಡಿಸ್ ಬೆಲಾಂಜೆ ಅವರದು ಮೊದಲ ಸಾಲಿನ ಹೆಸರು. ನಮ್ಮವರ ತಪ್ಪುಗಳನ್ನು ನಾವೇ ಕುಳಿತು ತೀರ್ಮಾನಿಸುವ ನ್ಯಾಯಕೂಟವನ್ನು ಕಟ್ಟಿ ಬೆಳೆಸಿ ಈಗ ನಿವೃತ್ತರಾಗುತ್ತಿರುವ ಅವರಿಗೆ ಒಂದು ಕಡೆ ಕುಳಿತು ಅಭ್ಯಾಸವೇ ಇಲ್ಲ. ಕೂಟದಲ್ಲಿ ಕೈಯಿಂದ ಕೈಗೆ ಸಾಗುವ ಹದ್ದಿನ ಗರಿಯನ್ನು ಹಿಡಿದವರು ಮಾತು ಮುಗಿಸುವವರೆಗೆ ಉಳಿದವರು ಬಾಯಿ ತೆರೆಯಬಾರದು, ಅಲುಗಾಡಬಾರದೆಂಬ ನಿಯಮವನ್ನು ಕಾಯುತ್ತಿದ್ದವರೂ ಅವರೇ, ಪದೇ ಪದೇ ಎದ್ದುಹೋಗಿ ಕಾಫಿ ಬಿಸಿಮಾಡುತ್ತಿದ್ದವರೂ ಅವರೇ. ಕುಡಿದು ಸಿಕ್ಕಿಬಿದ್ದವರನ್ನು ಜೈಲಿನಿಂದ ತಮ್ಮ ಪಿಕಪ್‌ನಲ್ಲಿ ಕರೆತಂದು, ದಾರಿಯುದ್ದಕ್ಕೂ ಬೈದು, ಕೊನೆಗೆ ಮೀನಿನ ಸಾರು ಬಡಿಸಿ ಕಳಿಸುತ್ತಿದ್ದರು.

ಅವರ ನೆಮ್ಮದಿ ಪೂರ್ತಿ ಕೆಟ್ಟದ್ದು ಸ್ವಂತ ತಮ್ಮ ವರ್ನನ್‌ನಿಂದ. ನೀರಿನಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿ ಮಾಗಿದೆಯೆಂದು ಹಿರಿಯರು ಹೇಳುವ ತನಕ ಬಿಳಿಮೀನಿನ ಸರೋವರಕ್ಕೆ ನಮ್ಮಲ್ಲಿ ಯಾರೂ ದೋಣಿ ಇಳಿಸುವುದಿಲ್ಲ. ಕಳೆದ ವರ್ಷ ಅವನು ಇಳಿಸಿದ, ಎಳೆಯ ತೆನೆಗಳನ್ನು ಬಡಿದು ಕೆಡಿಸಿದ. ಆ ಸರೋವರವೋ, ಹಿಂದಿನವರು ನೆಲವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರೂ ಕೊಯ್ಲಿನ ಹಕ್ಕನ್ನು ಒಪ್ಪಂದದಲ್ಲಿ ಉಳಿಸಿಕೊಂಡ ಸೀಮೆಯದು. ನಮ್ಮವರನ್ನು ನಾವೇ ತಿದ್ದದಿದ್ದರೆ ಅಲ್ಲಿನ ಕೊಯ್ಲನ್ನು ತಾವೇ ವಹಿಸಿಕೊಳ್ಳಲು ಸರ್ಕಾರದ ಕಾವಲುಗಾರರು ತುದಿಗಾಲಲ್ಲಿ ನಿಂತಿದ್ದರು.

ವರ್ನನ್‌ನ ವಿಷಯ ಕೂಟದ ಮುಂದೆ ಬಂದ ದಿನ ಆರ್ಡಿಸ್ ಅವರು ಕೂಟದ ಮುಖ್ಯಸ್ಥೆಯ ಜಾಗ ಬಿಟ್ಟು ಬಂಧುಗಳ ಸಾಲಿನಲ್ಲಿ ಕುಳಿತರು. ತಮ್ಮನನ್ನು ಸುಮ್ಮನೆ ಬಿಟ್ಟರೆ ಹಕ್ಕು ಕೈತಪ್ಪುತ್ತದೆ, ಕೋರ್ಟಿಗೆ ಒಪ್ಪಿಸಿದರೆ ತಮ್ಮ ಕೈತಪ್ಪುತ್ತಾನೆ. ಗರಿ ಕೈಗೆ ಬಂದಾಗ ಅವರು ಹೇಳಿದರು:

"ಅವನು ಮಾಡಿದ್ದು ತಪ್ಪೇ. ಹೊರಗಿನವರಿಗೆ ಮಾತ್ರ ಕೊಡಬೇಡಿ. ಕಿವಿ ಹಿಂಡೋರು ಮನೇಲೇ ಇದೀವಿ."

ಹಿರಿಯರಾದ ಎಮೆಟ್ ಸೂಲಿಯೆ ಅವರು ಗರಿ ತೆಗೆದುಕೊಂಡು, "ಹಾಗಾದ್ರೆ ಕೊಯ್ಲು ಮುಗಿಯೋ ತನಕ ವರ್ನನ್ ದಡದಲ್ಲೇ ಇರ್ಲಿ. ಎಲ್ಲರ ಮೂಟೆ ಹೊರ್ಲಿ, ನೀರಿಗೆ ಇಳೀಬಾರ್ದು. ಕಿವಿ ಹಿಂಡೋರೂ ಪಕ್ಕದಲ್ಲೇ ಕೂತಿರ್ಲಿ," ಎಂದರು.

"ಅಕ್ಕಾ, ಶಿಕ್ಷೆ ನನಗೋ ನಿನಗೋ?" ಎಂದ ವರ್ನನ್. ಗರಿ ಅವನ ಕೈಯಲ್ಲಿರಲಿಲ್ಲ. ಆದರೂ ಎಲ್ಲರೂ ನಕ್ಕರು.

ಊರೆಲ್ಲ ದೋಣಿ ತುಂಬ ಅಕ್ಕಿ ತರುವಾಗ ಆರ್ಡಿಸ್ ಅವರಿಗೆ ಕೈ ತುರಿಸುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ತಾವು ಎದ್ದರೆ ತಮ್ಮನೂ ನೀರಿಗೆ ಇಳಿದಾನೆಂದು ಕುಳಿತೇ ಇದ್ದರು. ಕಾವಲುಗಾರರು ಜೀಪಿನಲ್ಲಿ ಬಂದು, ಇಬ್ಬರನ್ನೂ ನೋಡಿ, ಇಲ್ಲಿ ತಮಗೆ ಕೆಲಸವಿಲ್ಲವೆಂದು ಹಿಂದಿರುಗಿದರು.

ಈ ವರ್ಷ ತೆನೆ ಮಾಗಿದೆಯೇ ಎಂದು ನೋಡಿ ಬರಲು ಹಿರಿಯರು ಕಳಿಸಿದ್ದು ವರ್ನನ್‌ನನ್ನೇ. ಅವನು ಹಿಂದಿರುಗುವಷ್ಟರಲ್ಲಿ ಅಕ್ಕ ಆಗಲೇ ದೋಣಿ ಹತ್ತಿ, ಹುಟ್ಟು ಹಿಡಿದು ಕಾಯುತ್ತಿದ್ದರು.

"ಇನ್ನೂ ಎಳೇದು, ಅಕ್ಕಾ. ಇಳಿ."

ಆರ್ಡಿಸ್ ಅವರು ಹುಟ್ಟು ಕೆಳಗಿಟ್ಟು ಇಳಿದರು.

ಈ ಚಡಪಡಿಕೆಯ ಜೀವ ನೂರು ಕಾಲ ಬಾಳಲಿ. ಕೂಟದಲ್ಲಿ ಅವರ ಕುರ್ಚಿ ಎಂದಿನಂತೆ ಖಾಲಿಯಿರಲಿ, ಕಾಫಿ ಬಿಸಿಯಾಗಿರಲಿ.