ಮಿರ್ಯಮ್ ಊಟಕ್ಕೆ ಬಂದ ದಿನ

ಮೆಟುಚೆನ್ ಎಂಬ ಊರಿನ ಆ ಬೀದಿಯಲ್ಲಿ ಶೈಲಜಾಗೆ ಇದ್ದ ಒಬ್ಬಳೇ ಗೆಳತಿಗೆ ಎಪ್ಪತ್ತು ದಾಟಿತ್ತು. ಗಂಡ ಗುರುರಾಜ ಬೆಳಗಾದರೆ ನ್ಯೂಯಾರ್ಕಿನ ಟ್ರೈನು ಹತ್ತಿ ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟೂಕೆ ಪೆಡಂಭೂತದ ಜತೆ ಗುದ್ದಾಡಲು ಹೋಗುತ್ತಿದ್ದ. ಇವಳದೋ ಕೆಲಸ ಮಾಡುವಂತಿಲ್ಲದ ವೀಸಾ. ಪಕ್ಕದ ಮನೆಯ ಹಾಲೆಂಡಿನ ವಿಧವೆ ಅನೆಕೆ ದಿನಾ ಕಾಫಿಗೆ ಕರೆಯದಿದ್ದರೆ ಧಾರವಾಡದ ಈ ಹುಡುಗಿಗೆ ತಲೆ ಕೆಟ್ಟೇ ಹೋಗುತ್ತಿತ್ತು.

ಅನೆಕೆ ಅಜ್ಜಿ ಜೀವಮಾನವಿಡೀ ಊರವರ ಕೋಟು, ಪರದೆ ಹೊಲಿದು ಬದುಕಿದವಳು. ಮಾತು ಕಮ್ಮಿ. ಒಂದು ದಿನ ತಾನಾಗಿಯೇ ಬಾಯಿಬಿಟ್ಟಳು. ಜರ್ಮನರು ಹಾಲೆಂಡನ್ನು ಹಿಡಿದಿದ್ದಾಗ ಅವಳ ಅಪ್ಪ ಅಮ್ಮ ಮಿರ್ಯಮ್ ಎಂಬ ಆರು ವರ್ಷದ ಯಹೂದಿ ಹುಡುಗಿಯನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡಿದ್ದರಂತೆ. ಸಿಕ್ಕಿಬಿದ್ದಿದ್ದರೆ ಎಲ್ಲರ ಕಥೆಯೂ ಮುಗಿದಂತೆ. ಕೊನೆಯ ಚಳಿಗಾಲದಲ್ಲಿ ತಿನ್ನಲು ಏನೂ ಇಲ್ಲದಾಗ, ಎಲ್ಲೋ ಸಿಕ್ಕ ಚೂರುಪಾರು ಹಂದಿಮಾಂಸವನ್ನು ಅನೆಕೆಯೇ ಆ ಮಗುವಿಗೆ ತಿನ್ನಿಸುತ್ತಿದ್ದಳು. ಯಹೂದಿಗಳಿಗೆ ಹಂದಿ ನಿಷಿದ್ಧ. ಮಗು ಅಳುತ್ತಲೇ ನುಂಗುತ್ತಿತ್ತು. ಆ ಅಳು ಐವತ್ತೈದು ವರ್ಷವಾದರೂ ಅಜ್ಜಿಯ ಕಿವಿ ಬಿಟ್ಟಿರಲಿಲ್ಲ.

ಯುದ್ಧ ಮುಗಿದ ಮೇಲೆ ಮಿರ್ಯಮ್‌ಳನ್ನು ಅವಳ ಚಿಕ್ಕಪ್ಪ ಜೆರುಸಲೇಮಿಗೆ ಕರೆದೊಯ್ದಿದ್ದ. ಈಗ ಬ್ರೂಕ್ಲಿನ್ನಿನ ಮಗನ ಮನೆಗೆ ಬಂದವಳು ಭಾನುವಾರ ಇಲ್ಲಿಗೂ ಬರುವವಳಿದ್ದಳು. ಭಾರೀ ಮಡಿವಂತೆ ಬೇರೆ. ಅವಳ ಧರ್ಮಕ್ಕೆ ಒಪ್ಪುವ ಒಂದು ತುತ್ತನ್ನು ಕೈಯಾರೆ ಬಡಿಸಿಬಿಟ್ಟರೆ ನೆಮ್ಮದಿಯಾಗಿ ಸಾಯುತ್ತೇನೆ ಎನ್ನುತ್ತಿದ್ದಳು ಅಜ್ಜಿ. ಆದರೆ ಅವಳ ಅಡುಗೆಮನೆಯಲ್ಲಿ ಹಂದಿ ಬೇಯದ ಪಾತ್ರೆಯೇ ಇರಲಿಲ್ಲ.

“ನಮ್ಮ ಮನ್ಯಾಗ ತತ್ತೀನೂ ಬಂದಿಲ್ಲ. ಇಲ್ಲೇ ಉಣ್ಣಲಿ ಬಿಡ್ರಿ,” ಎಂದು ಗಂಡನಿಗೆ ಹೇಳಿದ ಶೈಲಜಾ ಸೆರಗು ಕಟ್ಟಿಯೇಬಿಟ್ಟಳು. ಭಾನುವಾರ ತಲೆಸ್ನಾನ ಮಾಡಿ, ಹೊಸ ಸ್ಟೀಲ್ ಪಾತ್ರೆಗಳಲ್ಲಿ ಚಿತ್ರಾನ್ನ, ಹೆಸರುಬೇಳೆ ಪಾಯಸ ಮಾಡಿದಳು. ಅಜ್ಜಿ ಪಕ್ಕದಲ್ಲೇ ನಿಂತು ಗೋಡಂಬಿ ಹುರಿದಳು.

ಮಿರ್ಯಮ್ ಬಂದಳು. ಇಬ್ಬರೂ ಬಾಗಿಲಲ್ಲೇ ತಬ್ಬಿಕೊಂಡು ಅತ್ತರು. ಊಟಕ್ಕೆ ಕೂರಿಸಿದಾಗ ಮಾತ್ರ ಅವಳು ಸಂಕೋಚದಿಂದ ಕೈ ಹಿಂದೆಗೆದಳು. ಮಾಂಸವಿಲ್ಲ ಎಂದಷ್ಟಕ್ಕೇ ಸಾಲದಂತೆ. ಪಾತ್ರೆಗೂ ಶಾಸ್ತ್ರವಿದೆಯಂತೆ, ಒಲೆ ಹಚ್ಚುವ ಕೈಯೂ ಯಹೂದಿಗಳದೇ ಆಗಬೇಕಂತೆ. ಅಯ್ಯೋ ದೇವರೇ, ಇದು ಹೊಳೆಯಲೇ ಇಲ್ಲವಲ್ಲ ಎಂದು ಶೈಲಜಾ ಹಣೆ ಚಚ್ಚಿಕೊಂಡಳು. ಅವಳ ಅತ್ತೆಯೂ ಕಂಡವರ ಮನೆಯಲ್ಲಿ ನೀರು ಸಹ ಮುಟ್ಟದವರೇ. ತಮ್ಮ ಮನೆಯ ಮಡಿಯೇ ಜಗತ್ತಿನ ಮಡಿ ಎಂದುಕೊಂಡಿದ್ದಳು, ಪೆದ್ದಿ!

ಅಜ್ಜಿ ಕುಸಿದು ಕೂತಳು. ಅಂದು ತಿನ್ನಬಾರದ್ದನ್ನು ಅಳಿಸಿ ಅಳಿಸಿ ತಿನ್ನಿಸಿದೆ, ಇಂದೂ ಸರಿಯಾದ ಒಂದು ತುತ್ತು ಕೊಡಲಾಗಲಿಲ್ಲ ಎಂದಳು.

ಮಿರ್ಯಮ್ ಬೆರಗಾಗಿ ನೋಡಿದಳು. ಡಚ್ ಭಾಷೆ ಮರೆತಿದ್ದ ಅವಳು ಇಂಗ್ಲಿಷಿನಲ್ಲೇ ಹೇಳಿದಳು: “ಅದಕ್ಕೆ ಅಳ್ತಿದ್ದೆ ಅಂದ್ಕೊಂಡ್ಯಾ? ಅದು ಹಂದಿ ಅಂತಾನೂ ನಂಗೆ ಗೊತ್ತಿರ್ಲಿಲ್ಲ. ನೀನು ಇರೋದನ್ನೆಲ್ಲ ನಂಗೇ ತಿನ್ನಿಸ್ತಿದ್ದೆ, ನಿನ್ನ ತಟ್ಟೆ ಖಾಲಿ ಇರ್ತಿತ್ತು. ನೀನು ಸತ್ತುಹೋಗ್ತೀಯ ಅಂತ ಅಳ್ತಿದ್ದೆ.”

ಮಿರ್ಯಮ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ತಾನು ಮುಟ್ಟದ ಪಾಯಸದಿಂದ ಒಂದು ಚಮಚ ತುಂಬಿ ಅನೆಕೆಯ ಬಾಯಿಗೆ ಹಿಡಿದಳು.

“ಇವತ್ತು ನೀನು ತಿನ್ನು. ನಾನು ನೋಡ್ತೀನಿ.”

ಬಟ್ಟಲು ಬರಿದಾಗುವವರೆಗೂ ಅವಳು ಕೈ ಇಳಿಸಲಿಲ್ಲ.