ಪ್ರಧಾನರು ನೀರಿಗೆ ಕಾದದ್ದು

ಮಂಡಲ ಪಂಚಾಯ್ತಿ ಬಂದ ಹೊಸತರಲ್ಲಿ ನಮ್ಮ ಊರಿಗೆ ಒಂದು ಕೆಲಸ ಮಂಜೂರಾಯಿತು. ಒಂದೇ. ಗಂಡಸರು ಸೇರಿ ಅದು ರಂಗಮಂದಿರ ಎಂದು ತೀರ್ಮಾನಿಸಿದರು. ಊರಿಗೆ ವರ್ಷಕ್ಕೊಮ್ಮೆ ಯಕ್ಷಗಾನ ಆಟದ ಮೇಳ ಬರುತ್ತಿತ್ತು. ಉಳಿದ ದಿನ ರಂಗಮಂದಿರದಲ್ಲಿ ಏನು ಮಾಡುವುದೆಂದು ಯಾರೂ ಕೇಳಲಿಲ್ಲ. ಕೇಳಬೇಕಾದ ನಾವು ಹಳ್ಳದಿಂದ ನೀರು ಹೊರುತ್ತಿದ್ದೆವು.

ನಮ್ಮದು ಹೊಸನಗರದ ಕಡೆಯ ಊರು. ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ಬಂದಾಗ ಮನೆಯ ಮೇಲ್ಗಡೆ ಒಳ್ಳೆಯ ಕೆರೆಯಿತ್ತು. ಅದರಲ್ಲಿ ನೀರಿದ್ದರೆ ಕೆಳಗಿನ ಬಾವಿಗಳಿಗೆಲ್ಲ ಒರತೆ. ಆಮೇಲೆ ಗುಡ್ಡದ ಮರ ಹೋಯಿತು, ಗುಡ್ಡದ ಮಣ್ಣು ಕೆರೆಗೆ ಬಂತು. ಮಳೆಯೂ ಬುದ್ಧಿ ಬದಲಿಸಿತು. ಮೊದಲು ಬೇಸಿಗೆಯ ನಡುವೆ ಒಂದೆರಡು ಸಲ ಬಂದು ಮುಖ ತೋರಿಸಿ ಹೋಗುತ್ತಿದ್ದದ್ದು ಅದನ್ನು ಬಿಟ್ಟು, ಎಲ್ಲವನ್ನೂ ಆಷಾಢದಲ್ಲಿ ಒಮ್ಮೆಲೇ ಸುರಿದು ಹೊಳೆ ಸೇರತೊಡಗಿತು. ಹೂಳು ತುಂಬಿದ ಕೆರೆಯಲ್ಲಿ ಅದಕ್ಕೆ ನಿಲ್ಲಲು ಜಾಗವೂ ಇರಲಿಲ್ಲ. ಯುಗಾದಿಗೆ ಮುಂಚೆಯೇ ಬಾವಿಯ ತಳ ಕಾಣುತ್ತಿತ್ತು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ಗೊಣಗುವ ನಾವೇ ಬೇಸಿಗೆಯಲ್ಲಿ ನೀರಿಲ್ಲ ಎಂದರೆ ಸಾಗರದ ನೆಂಟರಿಗೆ ನಗು.

ನೀರು ಸಾಲದೆ, ಆ ಮಂಜೂರಾತಿಯ ಹಿಂದಿನ ಬೇಸಿಗೆ ಎರಡು ಹಸುಗಳನ್ನು ಲಾಂಚಿನಲ್ಲಿ ಹಿನ್ನೀರು ದಾಟಿಸಿ ತುಮರಿ ಕಡೆಯ ನಾದಿನಿಯ ಮನೆಗೆ ಕಳಿಸಿದ್ದೆವು. ಅವು ಮರಳಲಿಲ್ಲ. ಅಲ್ಲಿಗೆ ಹೊಂದಿಕೊಂಡಿವೆ ಎಂದು ನಾದಿನಿ ಹೇಳಿಕಳಿಸಿದಳು. ಉಳಿದದ್ದು ಒಂದು, ಕಂದು ಬಣ್ಣದ್ದು. ದೇವರ ಅಭಿಷೇಕಕ್ಕೆ, ಮಕ್ಕಳಿಗೆ, ಚಹಕ್ಕೆ ಅದರದೇ ಹಾಲು.

"ಬರೂ ಬೇಸಿಗೇನೂ ಹಿಂಗೇ ಆದ್ರೆ ಇದನ್ನೂ ದಾಟಿಸೂದೇ," ಎಂದಿದ್ದರು ನಮ್ಮ ಮನೆಯವರು. ಅವರು ಹೇಳಿದ್ದನ್ನು ಮಾಡುವವರು. ಹಾಗಾಗಿ ನನಗೆ ಕೆರೆಯ ಹೂಳು ತೆಗೆಸುವುದು ಬೇಕಿತ್ತು. ದೇವರಿಗೆ ಹೇಳಿದೆ. ಮನೆಯವರಿಗೂ ಹೇಳಿದೆ. "ಅದೆಲ್ಲ ಪ್ರಧಾನರ ಕೈಲಿದೆ," ಎಂದರು. ದೇವರು ಏನೂ ಹೇಳಲಿಲ್ಲ.

ಮಂಡಲಕ್ಕೆ ಮುಖ್ಯಸ್ಥರಾದ ಆ ಪ್ರಧಾನರು ತೀರ್ಥಹಳ್ಳಿಯಲ್ಲಿ ಯಾರದೋ ಮದುವೆ ಊಟ ಮುಗಿಸಿಕೊಂಡು, ಒಂದು ಮಧ್ಯಾಹ್ನ ರಂಗಮಂದಿರದ ಜಾಗ ನೋಡಲು ಜೀಪಿನಲ್ಲಿ ಬಂದರು. ಜೊತೆಗೆ ನಮ್ಮೂರಿನ ಹಿರಿಯರೊಬ್ಬರು. ರಂಗಮಂದಿರ ಅವರದೇ ಯೋಚನೆ. ಜಾಗ ನಮ್ಮ ಮನೆಯ ಎದುರಿಗೇ ಇತ್ತು. ಬಿಸಿಲಿಗೆ ಬೆವರಿ ಇಬ್ಬರೂ ನಮ್ಮ ಜಗಲಿಗೆ ಬಂದು ಕೂತರು.

ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಕ್ರಮ. ಅದರಲ್ಲಿ ಪಕ್ಷ ನೋಡುವುದಿಲ್ಲ. ಅತ್ತೆ ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಪ್ರಧಾನರು ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡರು. ಅತ್ತೆ ಒಳಗೆ ಬಂದು ನೀರಿನ ಕೊಡ ಬಗ್ಗಿಸಿ ನೋಡಿದರು. ಖಾಲಿ.

ಬೇಕೆಂದೇ ಮಾಡಿದ್ದು ಎಂದು ಊರಿನಲ್ಲಿ ಈಗಲೂ ಹೇಳುವವರಿದ್ದಾರೆ. ಅಲ್ಲ. ನೀರಿರಲಿಲ್ಲ, ಅಷ್ಟೇ. ಓರಗಿತ್ತಿ ತರಲು ಹಳ್ಳಕ್ಕೆ ಹೋಗಿದ್ದಳು.

ಅತ್ತೆ ಹೊರಗೆ ಹೋಗಿ, "ನೀರು ಬರ್ತಾ ಇದೆ, ಕೂತ್ಕಳಿ," ಎಂದರು.

"ಎಲ್ಲಿಂದ ಅಮ್ಮಾ?"

"ಹಳ್ಳದಿಂದ."

ಪ್ರಧಾನರು ಬೆಲ್ಲವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿದರು. "ಇರ್ಲಿ ಬಿಡಿ, ನಮಗೆ ಇನ್ನೂ ಮುಂದೆ ಹೋಗೂದಿದೆ."

"ಬೆಲ್ಲ ತಿಂದವರು ನೀರು ಕುಡೀದೆ ಎದ್ದು ಹೋದ್ರೆ ಮನೆಗೆ ಒಳ್ಳೇದಲ್ಲ ಮಾರಾಯ್ರೆ. ಈಗಿರೂದೇ ಸಾಕು ನಮಗೆ."

ಹಿರಿಯರು ಒಳಗೆ ಇಣುಕಿದರು. "ದೇವರ ಮುಂದೆ ಒಂದು ತಂಬಿಗೆ ತುಂಬ ಇದ್ಯಲ್ಲ ಅತ್ತಿಗೆ."

"ಅದು ದೇವರದ್ದು. ನಿಮ್ಮದು ಬರ್ತಾ ಇದೆ."

ಜೀಪಿನ ಡ್ರೈವರ್ ಬೆಲ್ಲ ತಿಂದಿರಲಿಲ್ಲ. ಅವನೊಬ್ಬ ಆರಾಮವಾಗಿದ್ದ.

ಕಾಯುತ್ತ ಕೂತವರಿಗೆ ಮಾತು ಬೇಕಾಗುತ್ತದೆ. ಊರಿನಲ್ಲಿ ಕೆರೆ ಇಲ್ಲವೇ ಎಂದು ಪ್ರಧಾನರು ಕೇಳಿದರು. ಇದೆ, ಎಮ್ಮೆ ಹೊರಳಲು ಸಾಕಾಗುತ್ತದೆ ಎಂದರು ಅತ್ತೆ. ನಾನು ಬಾಗಿಲ ಹಿಂದಿನಿಂದ, "ಹೂಳು ತೆಗ್ಸಿದ್ರೆ ಬಾವೀಲಿ ನೀರು ನಿಲ್ತದೆ. ಆಟ ನೋಡೂಕೆ ಬಂದ ಜನಕ್ಕೂ ಕುಡಿಯೂಕೆ ಎಂತಾದ್ರೂ ಬೇಕಲ್ಲ," ಎಂದುಬಿಟ್ಟೆ. ಹೊರಗಿನವರೆದುರು ಹಾಗೆ ಮಾತಾಡಿದ್ದು ಅದೇ ಮೊದಲು. ಜಗಲಿಯ ಮೂಲೆಯಲ್ಲಿ ನಿಂತಿದ್ದ ಮನೆಯವರು ಮಾಡಿನ ಹೆಂಚು ನೋಡತೊಡಗಿದರು.

ಹಿರಿಯರು ಸಿಟ್ಟಾಗಲಿಲ್ಲ, ತಿಳಿಸಿ ಹೇಳಿದರು. "ನೋಡಿ ಪ್ರಧಾನ್ರೆ, ಹೂಳು ತೆಗ್ದಿದ್ದು ಯಾರಿಗೆ ಕಾಣ್ತದೆ? ಒಂದು ಮಳೆ ಬಂದ್ರೆ ನೀವು ಮಾಡಿದ್ದೆಲ್ಲ ನೀರಡಿಗೆ. ರಂಗಮಂದಿರ ಆದ್ರೆ ಮೇಲ್ಗಡೆ ನಿಮ್ಮ ಹೆಸರು ಇರ್ತದೆ."

ಪ್ರಧಾನರು ಯೋಚಿಸಿದರು. ಯೋಚಿಸಬೇಕಾದ ಮಾತೇ.

"ಹೆಸರಿನ ಕಲ್ಲನ್ನ ಕೆರೆ ದಂಡೇಲಿ ನಿಲ್ಸೂಕೆ ಆಗೂದಿಲ್ವಾ?" ಎಂದರು ಅತ್ತೆ. "ಆಟಕ್ಕೆ ಜನ ವರ್ಷಕ್ಕೊಂದು ಸಲ. ನೀರು ನಿಂತ್ರೆ ಕೆರೆಗೆ ಹೆಂಗಸ್ರು ದಿನಾ ಹೋಗ್ತಾರೆ. ಓಟಿಗೆ ಮೊದ್ಲು ಹೋಗೂದೂ ಅವ್ರೇ. ಗಂಡಸ್ರು ಅವತ್ತೂ ಚರ್ಚೆ ಮಾಡ್ತಾ ಕೂತಿರ್ತಾರೆ."

ಅಷ್ಟರಲ್ಲಿ ಓರಗಿತ್ತಿ ಬಂದಳು, ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ಜಗಲಿಯಲ್ಲಿ ಗಂಡಸರನ್ನು ಕಂಡು ಹಿತ್ತಲ ಕಡೆಗೆ ತಿರುಗಿದಳು. ಪ್ರಧಾನರ ಕಣ್ಣೂ ಕೊಡದ ಜೊತೆಗೆ ತಿರುಗಿತು. ನಾನು ಬಟ್ಟೆಯಲ್ಲಿ ಸೋಸಿ ಕೊಟ್ಟೆ. ಸೋಸಿದ ಮೇಲೂ ನೀರಿಗೆ ಚಹದ ಬಣ್ಣವಿತ್ತು. ಅವರು ಲೋಟ ನೋಡಿದರು, ನಮ್ಮನ್ನು ನೋಡಿದರು, ಕುಡಿದರು. ಇನ್ನೊಂದು ಲೋಟ ಕೇಳಿದರು. ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವವಿದೆ.

"ಕಲ್ಲು ಎಷ್ಟು ದೊಡ್ಡದು ಹಾಕ್ಬಹುದು?" ಎಂದು ಕೇಳಿದರು.

"ನಿಮಗೆ ಬೇಕಾದಷ್ಟು. ದಂಡೆ ಉದ್ದ ಇದೆ," ಎಂದರು ಅತ್ತೆ.

ಮೊದಲು ಕಲ್ಲು ಬಂತು. ಆಮೇಲೆ ಕೆಲಸದವರು ಬಂದರು. ಹಿರಿಯರು ಕೆಲಕಾಲ ನಮ್ಮ ಜಗಲಿ ಹತ್ತಲಿಲ್ಲ. ಅವರ ಹೆಂಡತಿ ಮಾತ್ರ ದಿನಾ ಬಂದು ಹೂಳು ಎಷ್ಟು ಹೋಯಿತೆಂದು ನೋಡಿಕೊಂಡು ಹೋಗುತ್ತಿದ್ದರು. ಅರ್ಧ ಕೆರೆ ಆಗುವಷ್ಟರಲ್ಲಿ ಮಳೆ ಹಿಡಿಯಿತು, ಕೆಲಸ ನಿಂತಿತು. ಉಳಿದದ್ದು ಮುಂದಿನ ವರ್ಷ ಎಂದರು. ಮುಂದಿನ ವರ್ಷ ಬೇರೆ ಊರಿನ ಸರದಿ. ದೇವರ ದಯೆ, ತೆಗೆದ ಅರ್ಧ ನಮ್ಮ ಬಾವಿಯ ಕಡೆಯದು.

ಮರು ಬೇಸಿಗೆ ಯುಗಾದಿ ಕಳೆದರೂ ಬಾವಿಯಲ್ಲಿ ಕೊಡ ಮುಳುಗುತ್ತಿತ್ತು. ರಾಮನವಮಿಯ ಪಾನಕಕ್ಕೆ ಮನೆಯ ನೀರೇ ಸಾಕಾಯಿತು. ಅಕ್ಷಯ ತದಿಗೆಯ ಹೊತ್ತಿಗೆ ಕೊಡವನ್ನು ಓರೆ ಮಾಡಿ ತುಂಬಿಸಬೇಕಾಯಿತು, ಕೆಸರೂ ಬಂತು. ಆದರೂ ಬಂತು. ಮನೆಯವರು ಲಾಂಚಿನ ಮಾತೆತ್ತಲಿಲ್ಲ. ನಾನೂ ನೆನಪಿಸಲಿಲ್ಲ. ಒಂದು ಬೆಳಗ್ಗೆ ಹಸುವಿಗೆ ಕಲಗಚ್ಚು ಇಡುತ್ತ ಅವರೇ, "ಇದು ಇಲ್ಲೇ ಕರು ಹಾಕ್ಲಿ," ಎಂದರು.

ಹಾಕಿತು. ಗಂಡುಕರು; ನನಗೆ ಬೇಕಿದ್ದದ್ದು ಹೆಣ್ಣು. ಎಲ್ಲವನ್ನೂ ಮಂಡಲದವರನ್ನೇ ಕೇಳಲಾಗುವುದಿಲ್ಲ.